ಶೇಕಡಾವಾರಿನ ಹಿಂದೆ ನಿಂತ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. 620 ಅಂಕ ಪಡೆದ ಮಗುವಿನ ನಗುಮುಖ ಕಂಡರೆ ನಮಗೂ ಸಂತೋಷವೇ. ಆದರೆ ಗಣಿತದಲ್ಲಿ ನಪಾಸಾಗಿ ಅದೇ ಬೀದಿಯ ಗ್ಯಾರೇಜು ಸೇರಿದ ಹುಡುಗನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಜಿಲ್ಲೆಗೆ ಹೆಸರೇನೋ ಇದೆ. 2024ರಲ್ಲಿ ರಾಜ್ಯದ ಫಲಿತಾಂಶ ಶೇ. 73.40 ಇದ್ದಾಗ ಶಿವಮೊಗ್ಗ ಶೇ. 88.67ರೊಂದಿಗೆ ಮೂರನೆಯ ಸ್ಥಾನದಲ್ಲಿತ್ತು. ಆದರೆ ಆ ವರ್ಷ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಗಿತ್ತು. 2025ರಲ್ಲಿ ಆ ಹೆಚ್ಚುವರಿ ಕೃಪೆ ನಿಂತಿತು, ಜಿಲ್ಲೆ ಶೇ. 82.29ಕ್ಕೆ ಇಳಿದು ನಾಲ್ಕನೆಯದಾಯಿತು. ಹಾಗಾದರೆ ಹಿಂದಿನ ವರ್ಷ ನಾವು ಸಂಭ್ರಮಿಸಿದ್ದು ಕಲಿಕೆಯನ್ನೋ, ಕೃಪೆಯನ್ನೋ?

ಸರಾಸರಿ ಎಂಬುದು ಕಾಡಿನ ದೂರವನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ಸಾಗರಕ್ಕೆ ಬರಲು ಲಾಂಚನ್ನೇ ಕಾಯಬೇಕಿತ್ತು. ಒಂಟಿಮನೆಗಳ ಊರಿನಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದರೆ ಶಿಕ್ಷಕರ ಸಂಖ್ಯೆಯೂ ಕುಗ್ಗುತ್ತದೆ. ಒಬ್ಬರೇ ಮೇಷ್ಟ್ರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಾರೆ.

ಇದಕ್ಕೆ ಸರ್ಕಾರ ಕಂಡುಕೊಂಡ ಮದ್ದು ಮಾಧ್ಯಮದ ಬದಲಾವಣೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ತರಗತಿ ಬಂತು. ಮೌಲಾನಾ ಆಜಾದ್ ಮಾದರಿ ಶಾಲೆಗಳೂ ಇಂಗ್ಲಿಷಿನವೇ. ಬಡವರ ಮಕ್ಕಳಿಗೆ ಇಂಗ್ಲಿಷ್ ಬೇಡವೆನ್ನುವ ಹಕ್ಕು, ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ ಯಾರಿಗೂ ಇಲ್ಲ. ಆದರೆ ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಆಡುವ ಮಗುವಿಗೆ ಆರನೆಯ ತರಗತಿಯಲ್ಲಿ ವಿಜ್ಞಾನವನ್ನು ಒಮ್ಮೆಲೇ ಮೂರನೆಯ ಭಾಷೆಯಲ್ಲಿ ಕೊಟ್ಟರೆ ಅದು ಉತ್ತರವನ್ನು ಉರುಹೊಡೆಯುತ್ತದೆ, ಪ್ರಶ್ನೆ ಕೇಳುವುದನ್ನು ಬಿಡುತ್ತದೆ.

ನಾವು ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋದವರು. ಭಾಗಾಕಾರ ನಮಗೆ ಗೊತ್ತಿತ್ತು, 'ಭಾಗಲಬ್ಧ' ಎಂಬ ಪದ ಗೊತ್ತಿರಲಿಲ್ಲ. ಮೇಷ್ಟ್ರು ಅದನ್ನೇ ದಡ್ಡತನ ಎಂದರು. ಅಮ್ಮಿಗೆ ಹೇಳಿದರೆ ಅವರಿಗೂ ಅರ್ಥವಾಗಲಿಲ್ಲ.

ತಪ್ಪು ಸರ್ಕಾರದ್ದು ಮಾತ್ರವಲ್ಲ. 2006ರ ಸಾಚಾರ್ ವರದಿ 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲೊಂದು ಮಗು ಶಾಲೆಗೆ ಹೋಗಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದೆ ಎಂದಿತ್ತು. ಆ ವರದಿಯನ್ನು ನಾವು ಭಾಷಣಗಳಲ್ಲಿ ಬಹಳ ಉದ್ಧರಿಸಿದೆವು. ಇಂದಿಗೂ ನಮ್ಮ ಜಮಾಅತ್‌ಗಳು ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುತ್ತವೆ. ನಪಾಸಾದವನ ಮನೆಗೆ ಹೋಗಿ, ಮರುಪರೀಕ್ಷೆಗೆ ಕೂರುತ್ತೀಯಾ ಮಗನೇ ಎಂದು ಕೇಳುವವರು ಎಷ್ಟು ಜನ?

ಮುಂದಿನ ಫಲಿತಾಂಶದ ದಿನ ಫ್ಲೆಕ್ಸಿನ ಹಣದಲ್ಲಿ ಸ್ವಲ್ಪವನ್ನಾದರೂ ಸಂಜೆಯ ಗಣಿತ ತರಗತಿಗೆ ಎತ್ತಿಡೋಣ. ಗ್ಯಾರೇಜಿನ ಹುಡುಗ ಬರುವ ಹೊತ್ತಿಗೆ ಅದರ ಬಾಗಿಲು ತೆರೆದಿರಲಿ.