ತಮಸ್: ಗಲಭೆಗೂ ಮೊದಲಿನ ಕತ್ತಲು
ಕರಾಚಿಯಲ್ಲಿ 1940ರಲ್ಲಿ ಹುಟ್ಟಿದ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ. ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ‘ಆಕ್ರೋಶ್’, ‘ಅರ್ಧಸತ್ಯ’ ನಿರ್ದೇಶಿಸಿದ ಮೇಲೆ ಭೀಷ್ಮ ಸಾಹನಿಯವರ ವಿಭಜನೆಯ ಕಾದಂಬರಿ ‘ತಮಸ್’ ಅನ್ನು ದೂರದರ್ಶನಕ್ಕೆ ತಂದರು.

ಅದು ಶುರುವಾಗೋದು ಗಲಭೆಯಿಂದಲ್ಲ. ಠೇಕೇದಾರನ ಮಾತು ನಂಬಿದ ನಾಥು, ಮಂದ ಬೆಳಕಿನ ಕೋಣೆಯಲ್ಲಿ ಹಂದಿ ಕೊಲ್ಲಲು ಒದ್ದಾಡ್ತಾನೆ. ಆಮೇಲೆ ಅದು ಮಸೀದಿ ಮೆಟ್ಟಿಲ ಮೇಲೆ! ನಿಹಲಾನಿಯೊಳಗಿನ ಛಾಯಾಗ್ರಾಹಕ ಗೆಲ್ಲೋದು ಇಲ್ಲೇ. ದ್ವೇಷ ಕಾಣುವ ಮೊದಲೇ ನಾವು ಬಡವನ ಬೆವರು ಕಂಡಿರುತ್ತೇವೆ. ಅವನನ್ನು ಗುನ್ಹೆಗಾರ ಅನ್ನೋಕೆ ಬಾಯಿ ಬರಲ್ಲ.

ಪ್ರಸಾರ ತಡೆಯಬೇಕೆಂಬ ಅರ್ಜಿಯನ್ನು 1988ರಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ವಜಾ ಮಾಡಿತು. ನಮ್ಮ ವಿದ್ಯಾರ್ಥಿಗಳು ಇದನ್ನು ನೋಡಲಿ. ಹೊಡೆದವರು ಯಾರು ಅನ್ನುವ ಮೊದಲು ಹೊಡೆಸಿದವರು ಯಾರು ಅಂತ ಕೇಳೋದನ್ನ ಕಲೀತಾರೆ.