ಪಾಯೆಸನ ಹೊಗಳಿಕೆ, ನೂನಿಜನ ಲೆಕ್ಕ

ವಿಜಯನಗರದ ಮಾತು ಬಂದರೆ ನಮ್ಮ ಭಾಷಣಕಾರರು ಮೊದಲು ಕರೆಯುವ ಸಾಕ್ಷಿ ಡೊಮಿಂಗೊ ಪಾಯೆಸ್. ರೋಮಿನಷ್ಟು ದೊಡ್ಡ ಪಟ್ಟಣ, ಲೋಕದಲ್ಲೇ ಸಮೃದ್ಧವಾದ ನಗರ ಎಂದು 1520ರ ಸುಮಾರಿಗೆ ಬಂದ ಈ ಪೋರ್ಚುಗೀಸ ಬರೆದದ್ದು ಎಲ್ಲರಿಗೂ ಬಾಯಿಪಾಠ. ಹದಿನೈದು ವರ್ಷಗಳ ನಂತರ ಅದೇ ಪಟ್ಟಣದಲ್ಲಿದ್ದು ಬರೆದ ಫರ್ನಾವೊ ನೂನಿಜ್ ಮಾತ್ರ ಅಡಿಟಿಪ್ಪಣಿಯಲ್ಲೇ ಉಳಿದ. ಇಬ್ಬರ ಬರಹಗಳೂ 1897ರಲ್ಲಿ ಲಿಸ್ಬನ್ನಿನಲ್ಲಿ ಒಟ್ಟಿಗೆ ಅಚ್ಚಾದವು. 1900ರಲ್ಲಿ ರಾಬರ್ಟ್ ಸೀವೆಲ್ ಒಟ್ಟಿಗೇ ಇಂಗ್ಲಿಷಿಗೆ ತಂದ. ಭೇದ ಮಾಡಿದವರು ಓದುಗರಾದ ನಾವು. ಇಬ್ಬರಲ್ಲಿ ನೂನಿಜನೇ ಹೆಚ್ಚಿನವನು.

ನೂನಿಜನ ಬರಹದಲ್ಲಿ 1520ರ ರಾಯಚೂರು ಮುತ್ತಿಗೆಯ ಭಾಗವನ್ನೇ ನೋಡಿ. ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ ಕ್ರಿಸ್ತೊವಾವೊ ದೆ ಫಿಗೆರೆದೊ ಇಪ್ಪತ್ತು ಕೋವಿಗಾರರೊಡನೆ ಕೃಷ್ಣದೇವರಾಯನ ಪಾಳೆಯ ಸೇರುತ್ತಾನೆ. ಕೋಟೆಯ ಮೇಲೆ ತಲೆ ಎತ್ತಿದವರನ್ನು ಇವರು ಹೊಡೆದುರುಳಿಸುತ್ತಾರೆ. ಕೋಟೆಯ ಅಧಿಕಾರಿಯೂ ಗುಂಡಿಗೆ ಬಲಿಯಾಗುತ್ತಾನೆ. ಪೋರ್ಚುಗೀಸರ ಕೋವಿಯೇ ರಾಯಚೂರನ್ನು ಗೆದ್ದಿತು ಎನ್ನುವವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ನೂನಿಜ್ ಅದಕ್ಕೂ ಮೊದಲೇ ಗೋಡೆಯ ವಿಷಯ ಹೇಳಿದ್ದಾನೆ: ಗಾರೆಯಿಲ್ಲದೆ ಜೋಡಿಸಿದ ಭಾರಿ ಕಲ್ಲುಗಳು, ಒಳಗೆ ತುಂಬಿದ ಮಣ್ಣು. ರಾಯನ ಸೈನಿಕರು ಹಾರೆ, ಗುದ್ದಲಿ ಹಿಡಿದು ಬುಡಕ್ಕೆ ನುಗ್ಗಿ ಅದನ್ನು ಕಲ್ಲು ಕಲ್ಲಾಗಿ ಕೀಳುತ್ತಾರೆ. ಕಿತ್ತು ತಂದ ಕಲ್ಲಿಗೆ ನಾಯಕರು ಅದರ ಗಾತ್ರ ನೋಡಿ ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಾರೆ. ಸಾವಿನ ಬಾಯಲ್ಲಿ ನಿಂತವನ ಕೆಲಸಕ್ಕೆ ಕಲ್ಲಿನ ಲೆಕ್ಕದಲ್ಲಿ ಕೂಲಿ! ತನ್ನವರ ಶೌರ್ಯ ಸಾರಲು ಕುಳಿತವನೇ ಈ ವಿವರವನ್ನೂ ಬಿಡದೆ ಬರೆದ. ಕೋವಿ ಮಾಡಿದ್ದು ಮೇಲಿನಿಂದ ಬೀಳುವ ಏಟು ತಪ್ಪಿಸುವ ಕೆಲಸ. ಗೋಡೆ ಕೆಡವಿದ್ದು ಹೆಸರಿಲ್ಲದವರ ಹಾರೆ.

ಕಲ್ಲಿನ ಬೆಲೆಯನ್ನೂ ಗಮನಿಸುವ ನೂನಿಜನ ಈ ಕಣ್ಣು ವ್ಯಾಪಾರಿಯದು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಿಂದಿನ ದೊರೆ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದ ಎಂದು ಬರೆದವನೂ ಇವನೇ. ಬೆಳೆಯ ಹತ್ತರಲ್ಲಿ ಒಂಬತ್ತು ಪಾಲು ನಾಯಕರ ಪಾಲಾಗಿ ಒಕ್ಕಲುಮಕ್ಕಳು ನರಳುತ್ತಾರೆ ಎಂದವನೂ ಇವನೇ. ಪಾಲಿನ ಲೆಕ್ಕ ಹೆಚ್ಚಾಗಿರಬಹುದು, ಆದರೆ ಆ ನರಳಾಟ ಅವನ ಕಿವಿಗೆ ಬಿದ್ದಿತ್ತು.

ಪಾಯೆಸ್ ದಡ್ಡನಲ್ಲ; ಮಹಾನವಮಿಯನ್ನು ಅವನಷ್ಟು ಚೆನ್ನಾಗಿ ಯಾರೂ ಬರೆಯಲಿಲ್ಲ. ಅವನನ್ನೂ ನಾವು ಅರ್ಧವೇ ಓದಿದ್ದೇವೆ. ಕೆರೆಯ ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಜನರ ತಲೆ ಕಡಿಸಿದರೆಂದು ಅವನೇ ಬರೆದ ಪುಟ ಯಾವ ಉತ್ಸವದ ಭಾಷಣದಲ್ಲೂ ಬರುವುದಿಲ್ಲ. ವಿಜಯನಗರವನ್ನು ಮುಸಲ್ಮಾನರ ದಂಡಯಾತ್ರೆಗೆ ಒಡ್ಡಿದ ಹಿಂದೂ ಅಡ್ಡಗೋಡೆ ಎಂದು ಸೀವೆಲ್ ಈ ಅನುವಾದಗಳಿದ್ದ ಪುಸ್ತಕದಲ್ಲೇ ಚಿತ್ರಿಸಿದ. ಅದನ್ನೇ ಇಂದಿಗೂ ಒಪ್ಪಿಸುವ ವಿದ್ವಾಂಸರು ಅದೇ ಪುಸ್ತಕದಲ್ಲಿ, ರಾಯನ ಸಂಬಳ ಪಡೆದು ಕಾವಲು ಪಡೆಯಲ್ಲಿದ್ದ ಮುಸಲ್ಮಾನರ ಕೇರಿಯನ್ನು ಪಾಯೆಸ್ ಬಣ್ಣಿಸಿದ್ದನ್ನು ಹೇಗೆ ದಾಟಿ ಹೋದರು? ನೂನಿಜನ ರಾಜವಂಶಾವಳಿ ಗೋಜಲು, ಆದ್ದರಿಂದ ಅವನು ನಂಬಲರ್ಹನಲ್ಲ ಎಂಬ ಇನ್ನೊಂದು ತಕರಾರೂ ಇದೆ. ಎರಡು ಶತಮಾನ ಹಿಂದಿನ ರಾಜರ ವಿಷಯದಲ್ಲಿ ಅವನು ಎಡವಿದ್ದು ನಿಜ. ಅದಕ್ಕಾಗಿ ಅವನ ಕಾಲದ ತೆರಿಗೆ, ಕುದುರೆ, ಯುದ್ಧದ ಪುಟಗಳನ್ನೂ ತಳ್ಳಿಹಾಕುವುದು ಸೋಮಾರಿತನ.

ಇತಿಹಾಸ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಪಾಯೆಸನ ಪೇಟೆಯ ವರ್ಣನೆ ಓದಿಸಿದ ದಿನವೇ ನೂನಿಜನ ರಾಯಚೂರನ್ನೂ ಒಕ್ಕಲುಮಕ್ಕಳ ಪುಟವನ್ನೂ ಓದಿಸಿ.