ಸಿ.ಡಿ. ಉಜ್ಜುವ ಮುನ್ನ

ಹಾಡಿನ ಸಿ.ಡಿ.ಯನ್ನು ಕಂಪ್ಯೂಟರ್ ಗುರುತಿಸಲಿಲ್ಲವೆಂದರೆ ಅಂಗಿಯ ಅಂಚಿನಿಂದ ಒರೆಸುತ್ತೇವೆ. ಆಗಲೂ ಓದದಿದ್ದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತೇವೆ. ಕೊನೆಗೆ ಕಸದ ಬುಟ್ಟಿಗೆ ಹಾಕುತ್ತೇವೆ. ಬಾಯಿಂದ ಬಾಯಿಗೆ ಸಾಗಿಬಂದ ಈ ರಿಪೇರಿ ಪದ್ಧತಿಯಲ್ಲಿ ಒಂದೆರಡು ಉಪಾಯಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೆ ಅವುಗಳ ಕ್ರಮ ತಲೆಕೆಳಗಾಗಿದೆ. ಮಾಡಿದ ಮೇಲೆ ಹಿಂದಕ್ಕೆ ಪಡೆಯಲಾಗದ ಕೆಲಸ ಮೊದಲು ಬರುತ್ತದೆ, ಏನನ್ನೂ ಕೆಡಿಸದ ಪರೀಕ್ಷೆ ಕೊನೆಗೆ.

ಮೊದಲ ಅನುಮಾನ ಡ್ರೈವ್ ಮೇಲೆ ಬರಬೇಕು. ಡಿ.ವಿ.ಡಿ. ಸಿನಿಮಾ ಚೆನ್ನಾಗಿ ಓಡುತ್ತಿದೆ, ಆದ್ದರಿಂದ ಡ್ರೈವ್ ಸರಿಯಿದೆ ಎಂಬ ತರ್ಕ ನಿಲ್ಲುವುದಿಲ್ಲ. ಸಿ.ಡಿ. ಓದಲು 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೇಕು, ಡಿ.ವಿ.ಡಿ.ಗೆ 650ರದ್ದು. ಎರಡನ್ನೂ ಓದುವ ಡ್ರೈವ್‌ನಲ್ಲಿ ಒಂದು ಸೊರಗಿ ಇನ್ನೊಂದು ಗಟ್ಟಿಯಾಗಿರಬಹುದು. ಅಂಗಡಿಯಲ್ಲಿ ಕೊಂಡ, ಗೀರಿಲ್ಲದ ಇನ್ನೊಂದು ಹಾಡಿನ ಸಿ.ಡಿ. ಹಾಕಿ ನೋಡುವುದೇ ನೇರವಾದ ಪರೀಕ್ಷೆ. ಅದನ್ನೂ ಓದದಿದ್ದರೆ, ಕೈಯಲ್ಲಿರುವ ಸಿ.ಡಿ.ಯನ್ನು ಉಜ್ಜಲು ಸದ್ಯಕ್ಕೆ ಕಾರಣವೇ ಇಲ್ಲ.

ಡ್ರೈವ್ ಕೆಡದೆಯೂ ಕಂಪ್ಯೂಟರಿಗೆ ಕಾಣದೆ ಹೋಗಬಹುದು. ಸಿ.ಡಿ. ಬರೆಯುವ ಕೆಲವು ತಂತ್ರಾಂಶಗಳು ವಿಂಡೋಸ್‌ಗೂ ಡ್ರೈವ್‌ಗೂ ನಡುವೆ ತಮ್ಮ ಫಿಲ್ಟರ್‌ಗಳನ್ನು ಸೇರಿಸುತ್ತವೆ. ಅವನ್ನು ಅರೆಬರೆ ತೆಗೆದರೆ ಕೊಂಡಿ ತಪ್ಪುತ್ತದೆ. ಸೋನಿ ಬಿಎಂಜಿ ಕಂಪನಿಯ ಹಲವು ಹಾಡಿನ ಸಿ.ಡಿ.ಗಳಲ್ಲಿ ನಕಲು ತಡೆಯಲೆಂದು ಎಕ್ಸ್‌ಸಿಪಿ ಎಂಬ ತಂತ್ರಾಂಶವಿತ್ತು. ಅದು ಕಂಪ್ಯೂಟರಿನೊಳಗೆ ತನ್ನನ್ನು ತಾನೇ ಮರೆಮಾಡಿಕೊಂಡು ಕೂರುತ್ತಿತ್ತು. 2005ರಲ್ಲಿ ಕಂಪ್ಯೂಟರ್ ತಜ್ಞ ಮಾರ್ಕ್ ರಸಿನೋವಿಚ್ ಅದನ್ನು ಪತ್ತೆಹಚ್ಚಿ ಕೈಯಾರೆ ಅಳಿಸಿದಾಗ ಅವರ ಸಿ.ಡಿ. ಡ್ರೈವೇ ಕಾಣದಾಯಿತು. ಕಂಪನಿ ಆ ಸಿ.ಡಿ.ಗಳನ್ನು ವಾಪಸು ಪಡೆಯಬೇಕಾಯಿತು. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ‘ಅಪ್ಪರ್‌ಫಿಲ್ಟರ್ಸ್’, ‘ಲೋಯರ್‌ಫಿಲ್ಟರ್ಸ್’ ನಮೂದುಗಳನ್ನು ತೆಗೆಯುವ ಪ್ರಸಿದ್ಧ ಪರಿಹಾರ ಇಂಥ ತೊಂದರೆಗೆ ತಕ್ಕುದು. ಆದರೆ ಡ್ರೈವ್ ಕಾಣುತ್ತಿದ್ದು, ಉಳಿದ ಸಿ.ಡಿ.ಗಳೆಲ್ಲ ಓಡುತ್ತಿದ್ದು, ಒಂದೇ ಒಂದು ಓದದಿದ್ದರೆ ರಿಜಿಸ್ಟ್ರಿಗೆ ಕೈಹಾಕುವುದು ಅವಿವೇಕ.

ಆಗ ಸಿ.ಡಿ.ಯ ಸರದಿ. ಸಿ.ಡಿ.ಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ. ಹಾಡುಗಳ ಪಟ್ಟಿ ಇರುವುದು ನಡುವಿನ ತೂತಿನ ಸಮೀಪ. ಅಷ್ಟು ಜಾಗ ಕೆಟ್ಟರೆ ಹಾಡುಗಳು ಸರಿಯಿದ್ದರೂ ಕಂಪ್ಯೂಟರಿಗೆ ಸಿ.ಡಿ. ಖಾಲಿ. ಮನೆಯಲ್ಲಿ ಬರೆದ ಸಿ.ಡಿ.-ಆರ್ ಅನ್ನು ಕೊನೆಯಲ್ಲಿ ಫೈನಲೈಸ್ ಮಾಡಿ ಮುಗಿಸದಿದ್ದರೆ ಈ ಪಟ್ಟಿ ಬರೆದೇ ಇರುವುದಿಲ್ಲ. ಬರೆದ ಡ್ರೈವ್ ಅದನ್ನು ಓದುತ್ತಿತ್ತು, ಹೊಸ ಕಂಪ್ಯೂಟರ್ ಓದುತ್ತಿಲ್ಲ ಎಂಬ ದೂರಿನ ಹಿಂದೆ ಇದೂ ಇರಬಹುದು. ಅದಕ್ಕೆ ಬೇಕಾದದ್ದು ಸಿ.ಡಿ. ಬರೆಯುವ ಡ್ರೈವ್, ಪಾಲಿಶ್ ಅಲ್ಲ.

ಟೂತ್‌ಪೇಸ್ಟಿನ ಖ್ಯಾತಿ ಪೂರ್ತಿ ಸುಳ್ಳಲ್ಲ. ಸಿ.ಡಿ.ಯ ಕೆಳಮುಖದಲ್ಲಿ ಸುಮಾರು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಇದೆ. ತೆಳು ಗೀರಿನ ಅಂಚನ್ನು ಪೇಸ್ಟ್ ಸವೆಸಿ ನುಣುಪಾಗಿಸಬಲ್ಲದು. ಆದರೆ ಧ್ವನಿ ಇರುವುದು ಆ ದಪ್ಪದ ಮೇಲೆ, ಲೇಬಲ್‌ಗೆ ತೀರಾ ಹತ್ತಿರದಲ್ಲಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಹೆಸರು, ಕಿತ್ತ ಸ್ಟಿಕ್ಕರ್ ನೇರವಾಗಿ ಅಲ್ಲಿಗೇ ಪೆಟ್ಟು ಕೊಡುತ್ತವೆ. ಬೆಳಕಿಗೆ ಹಿಡಿದಾಗ ಅಲ್ಲಿನ ಹೊಳೆಯುವ ಪದರ ಎದ್ದುಹೋಗಿ ಚುಕ್ಕೆಚುಕ್ಕೆಯಾಗಿ ಬೆಳಕು ತೂರಿಬಂದರೆ, ಅಷ್ಟು ಧ್ವನಿ ಹೋಯಿತು. ಕೆಳಗೆ ಎಷ್ಟು ಉಜ್ಜಿದರೂ ಬರುವುದಿಲ್ಲ. ಒರೆಸುವುದಾದರೂ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು. ಧ್ವನಿ ಬರೆದಿರುವ ಸುರುಳಿ ಜಾಡಿನುದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ನಷ್ಟವನ್ನು ಸಿ.ಡಿ.ಯ ದೋಷ ತಿದ್ದುವ ವ್ಯವಸ್ಥೆ ತುಂಬಿಕೊಡುತ್ತದೆ. ಸುತ್ತಸುತ್ತ ಉಜ್ಜಿ ಜಾಡಿನ ಮೇಲೇ ಗೀರೆಳೆದರೆ ಆ ಮಿತಿ ಸುಲಭವಾಗಿ ಮೀರುತ್ತದೆ.

ಸಿ.ಡಿ. ಮತ್ತೆ ಓಡಿದ ಕೂಡಲೇ ಗೆದ್ದೆವೆಂದು ನಿಲ್ಲಿಸುವುದು ಈ ಪದ್ಧತಿಯ ಇನ್ನೊಂದು ದೋಷ. ಕಳೆದುಹೋದ ಧ್ವನಿಯನ್ನು ಪ್ಲೇಯರ್ ಅಕ್ಕಪಕ್ಕದ್ದನ್ನು ನೋಡಿ ಊಹಿಸಿ ತುಂಬುತ್ತದೆ. ಹಾಗಾಗಿ ಹಾಡು ಕೇಳಿಸಿತೆಂದರೆ ಪೂರ್ತಿ ಉಳಿದಿದೆ ಎಂದಲ್ಲ. ವಿಂಡೋಸ್ ತೋರಿಸುವ ಸಿಡಿಎ ಫೈಲುಗಳನ್ನು ಹಾಗೆಯೇ ಕಾಪಿ ಮಾಡಿಟ್ಟುಕೊಂಡರೂ ಏನೂ ಉಳಿಯುವುದಿಲ್ಲ. ಒಂದೊಂದೂ 44 ಬೈಟ್‌ಗಳ ವಿಳಾಸವಷ್ಟೆ, ಅದರೊಳಗೆ ಹಾಡಿಲ್ಲ. ಎಕ್ಸಾಕ್ಟ್ ಆಡಿಯೊ ಕಾಪಿ, ಲಿನಕ್ಸ್‌ನ ಸಿಡಿಪ್ಯಾರನೋಯಿಯದಂಥ ತಂತ್ರಾಂಶಗಳು ಅನುಮಾನದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತವೆ, ಎಲ್ಲಿ ಸೋತವೆಂದೂ ಹೇಳುತ್ತವೆ. ರಿಪೇರಿಯ ಯಶಸ್ಸನ್ನು ಅಳೆಯಬೇಕಾದದ್ದು ಇದರಿಂದ: ಧ್ವನಿ ಹಾರ್ಡ್‌ಡಿಸ್ಕಿಗೆ ಪೂರ್ತಿ ಬಂತೇ?

ಸಿನಿಮಾ ಹಾಡಿನ ಸಿ.ಡಿ. ಹೋದರೆ ಅದೇ ಹಾಡು ಬೇರೆಡೆ ಸಿಕ್ಕೀತು. ಊರಿನ ತಾಳಮದ್ದಳೆ, ಮನೆಯ ಹಿರಿಯರು ಹೇಳಿದ ಸೋಬಾನೆ ಪದ ಒಂದೇ ಸಿ.ಡಿ.-ಆರ್‌ನಲ್ಲಿದ್ದರೆ ಅದಕ್ಕೆ ಎರಡನೆಯ ಪ್ರತಿ ಜಗತ್ತಿನಲ್ಲೇ ಇಲ್ಲ. ಇನ್ನೂ ಒಂದೆರಡು ಡ್ರೈವ್‌ಗಳಲ್ಲಿ ಹಾಕಿ ನೋಡುವವರೆಗೆ ಅಂಥದ್ದನ್ನು ಉಜ್ಜುವ ಹಕ್ಕು ನಮಗಿಲ್ಲ.